ನವರಾತ್ರಿಯ ಸೇಬು ಉಳಿದಾಗ ಮಾಡುವ ಆಪಲ್ ಕ್ರಂಬಲ್

ನಮ್ಮ ಕಾಸರಗೋಡಿನ ಕಡೆ ಸೇಬನ್ನು ಆಸೆಪಟ್ಟು ತಿನ್ನುವವರು ಕಡಿಮೆ. ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಲು ಹೋಗುವಾಗ ಒಂದು ಕಿಲೋ ಕಟ್ಟಿಸಿಕೊಳ್ಳುತ್ತೇವೆ. ಇಲ್ಲವಾದರೆ ಪೂಜೆಯ ಹರಿವಾಣದಲ್ಲಿ ಬಾಳೆಹಣ್ಣಿನ ಪಕ್ಕ ಚಂದಕ್ಕೆ ಇಡುತ್ತೇವೆ. ನವರಾತ್ರಿ ಮುಗಿದು ಎರಡು ದಿನ ಆದಮೇಲೆ ನೋಡಿ. ಬದಿಯಡ್ಕ, ನೀರ್ಚಾಲು, ಪೆರ್ಲ ಎಲ್ಲಿಯ ಮನೆಗೆ ಹೋದರೂ ಊಟದ ಮೇಜಿನ ಮೇಲೆ ಏಳೆಂಟು ಸೇಬು ಕೂತಿರುತ್ತವೆ. ಬಾಳೆಹಣ್ಣು ಖಾಲಿ. ದಾಳಿಂಬೆಯನ್ನು ಮಕ್ಕಳು ಮುಗಿಸಿರುತ್ತಾರೆ. ಸೇಬನ್ನು ಮಾತ್ರ ಎಲ್ಲರೂ ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ.

ಆ ಸೇಬಿಗೆ ನಾನು ಕಂಡುಕೊಂಡ ದಾರಿ ಆಪಲ್ ಕ್ರಂಬಲ್. ಕೆಳಗೆ ಮೆತ್ತಗೆ ಬೆಂದ ಸೇಬು, ಮೇಲೆ ಬೆಣ್ಣೆ ಉಜ್ಜಿದ ಹಿಟ್ಟಿನ ಗರಿಗರಿ ಪುಡಿ. ಅಷ್ಟೇ. ಪೈ ಆದರೆ ಹಿಟ್ಟು ಲಟ್ಟಿಸಬೇಕು, ಅದು ಹರಿಯದ ಹಾಗೆ ಎತ್ತಿ ಹಾಸಬೇಕು. ಕೇಕ್ ಆದರೆ ಉಬ್ಬುತ್ತದೋ ಇಲ್ಲವೋ ಎಂಬ ಭಯ. ಇದರಲ್ಲಿ ಎರಡೂ ಇಲ್ಲ. ಮೊಟ್ಟೆಯೂ ಬೇಡ. ಹಾಗಾಗಿ ಕೇಕ್ ಮುಟ್ಟದ ನಮ್ಮ ಅತ್ತೆ ಇದನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ.

ಇದು ಇಂಗ್ಲೆಂಡಿನವರ ತಿಂಡಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಅಲ್ಲಿ 1940ರ ಜನವರಿಯಿಂದ ಬೆಣ್ಣೆ, ಸಕ್ಕರೆಗೆಲ್ಲ ರೇಷನ್ ಬಂತು. ಪೈ ಹೊದಿಕೆಗೆ ಬೇಕಾದಷ್ಟು ಬೆಣ್ಣೆ ಎಲ್ಲಿಂದ ತರುವುದು? ಇದ್ದಷ್ಟನ್ನು ಹಿಟ್ಟಿಗೆ ಉಜ್ಜಿ ಹಣ್ಣಿನ ಮೇಲೆ ಉದುರಿಸುವ ಕ್ರಂಬಲ್ ಆ ಕಾಲದಲ್ಲಿ ಮನೆಮಾತಾಯಿತು. ಕೊರತೆಯಲ್ಲಿ ಬೆಳೆದ ತಿಂಡಿ ಅಲ್ವಾ, ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸಹಿಸಿಕೊಳ್ಳುತ್ತದೆ. ಆದರೆ ಚಳಿಯ ದೇಶದ ಅಡುಗೆ ಕಾಸರಗೋಡಿನ ಸೆಕೆಗೆ ಬಂದಾಗ ಎರಡು ತಕರಾರು ತೆಗೆಯುತ್ತದೆ. ಒಂದು, ಬೆಣ್ಣೆ ಕೈಯಲ್ಲೇ ಕರಗುವುದು. ಇನ್ನೊಂದು, ನಮಗೆ ಸಿಗುವ ಸೇಬು ನೀರು ಬಿಡುವುದು. ಈ ಎರಡನ್ನು ಹಿಡಿತಕ್ಕೆ ತಂದರೆ ಉಳಿದದ್ದು ಉಪ್ಪಿಟ್ಟು ಮಾಡಿದಷ್ಟೇ ಸುಲಭ.

ನಾನು ಮೊದಲ ಸಲ ಮಾಡಿದಾಗ ಎರಡೂ ತಪ್ಪಿದ್ದವು. ಓವನಿನಿಂದ ತೆಗೆದ ತಟ್ಟೆಯಲ್ಲಿ ಸೇಬಿನ ಹೋಳುಗಳು ತೇಲುತ್ತಿದ್ದವು. ಮೇಲಿನ ಹಿಟ್ಟು ಅಲ್ಲಲ್ಲಿ ಹಲಗೆಯ ಹಾಗೆ ಗಟ್ಟಿ, ಅಲ್ಲಲ್ಲಿ ಅಂಟು. ಅತ್ತಿಗೆ ಚಮಚ ಅದ್ದಿ ಎತ್ತಿ ನೋಡಿದಳು. "ಇದೆಂತ ಮಾರಾಯ್ತಿ, ಸೇಬಿನ ಸಾರಾ?" ಎಂದಳು. ಆ ವರ್ಷದಿಂದ ಈ ವರ್ಷದವರೆಗೆ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಸೇಬು

ಹಿಮಾಚಲದ ಸೇಬು ಮಳೆಗಾಲದ ನಡುವೆಯೇ ಬರಲು ಶುರು. ಕಾಶ್ಮೀರದ್ದು ಸೆಪ್ಟೆಂಬರ್‌ನಿಂದ. ಹಾಗಾಗಿ ನವರಾತ್ರಿ, ದೀಪಾವಳಿ ಹೊತ್ತಿಗೆ ಕುಂಬಳೆ, ಉಪ್ಪಳದ ಹಣ್ಣಿನಂಗಡಿಗಳಲ್ಲಿ ಸಿಗುವುದು ಹೊಸ ಬೆಳೆ. ಬೇಸಿಗೆಯಲ್ಲಿ ಕೊಳ್ಳುವ ಸೇಬು ತಿಂಗಳುಗಟ್ಟಲೆ ತಂಪು ಗೋದಾಮಿನಲ್ಲಿ ಮಲಗಿ ಬಂದದ್ದು. ಬೇಯಿಸುವುದಕ್ಕೆ ಈಗಿನದ್ದೇ ಒಳ್ಳೆಯದು.

ನಮಗೆ ಹೆಚ್ಚಾಗಿ ಸಿಗುವುದು ಕಡುಕೆಂಪು ಡೆಲಿಶಿಯಸ್ ಜಾತಿ. ತಳದಲ್ಲಿ ಐದು ಗುಬುಟು ಇರುತ್ತದಲ್ಲ, ಅದು. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ನೆಲೆಸಿ, 1916ರಲ್ಲಿ ಅಮೆರಿಕದಿಂದ ಈ ಜಾತಿಯ ಗಿಡ ತರಿಸಿ ನೆಟ್ಟರು. ಹಿಮಾಚಲದಲ್ಲಿ ಇಷ್ಟೊಂದು ಸೇಬಿನ ತೋಟ ಎದ್ದದ್ದು ಅದರ ನಂತರ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ 1916ರಲ್ಲಿ. ಈ ಎರಡನ್ನೂ ಒಂದೇ ಬಟ್ಟಲಿಗೆ ಹಾಕುವ ಉಪಾಯ ಕೊನೆಯಲ್ಲಿ ಹೇಳುತ್ತೇನೆ.

ಡೆಲಿಶಿಯಸ್ ಹಸಿಯಾಗಿ ತಿನ್ನಲು ಸಿಹಿ, ರಸ. ಬೇಯಿಸಿದರೆ ಸೋಲುತ್ತದೆ. ಹುಳಿ ಕಡಿಮೆ, ಬೇಗ ಹಿಟ್ಟುಹಿಟ್ಟಾಗುತ್ತದೆ. ಬೇಕಿಂಗ್‌ಗೆ ಹೇಳಿ ಮಾಡಿಸಿದ್ದು ಗ್ರ್ಯಾನಿ ಸ್ಮಿತ್ ಎಂಬ ಹಸಿರು ಸೇಬು. ಆಸ್ಟ್ರೇಲಿಯಾದ್ದು, ಚೆನ್ನಾಗಿ ಹುಳಿ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ. ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ದುಬಾರಿ. ಪೂರ್ತಿ ಅದನ್ನೇ ಹಾಕಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಕೆಂಪು ಸೇಬಿಗೆ ಎರಡು ಹಸಿರು ಸೇರಿಸಿ ನೋಡಿ. ಕೆಂಪು ಕರಗಿ ಗೊಜ್ಜಿನ ಹಾಗಾಗುತ್ತದೆ, ಅದರ ನಡುವೆ ಹಸಿರು ಹೋಳು ಹಲ್ಲಿಗೆ ಸಿಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಹಸಿರು ಸಿಗಲಿಲ್ಲವೋ, ಬರೀ ಕೆಂಪಿನಲ್ಲೇ ಮಾಡಿ, ಹೋಳು ದಪ್ಪ ಇರಲಿ, ಲಿಂಬೆರಸ ಜಾಸ್ತಿ ಇರಲಿ.

ಸುಕ್ಕಾದ ಸೇಬು ಪರವಾಗಿಲ್ಲ, ಅದರಲ್ಲಿ ನೀರು ಕಡಿಮೆ ಇರುವುದು ನಮಗೆ ಲಾಭವೇ. ಒಳಗೆ ಕಂದು ತಿರುಗಿ ಹುಳಿತ ವಾಸನೆ ಬಂದದ್ದನ್ನು ಮಾತ್ರ ಬಿಸಾಡಿ. ಇನ್ನೊಂದು ಮಾತು: ಸೇಬನ್ನು ಬಾಳೆಗೊನೆಯ ಪಕ್ಕ ಇಡಬೇಡಿ. ಮಾಗುವ ಹಣ್ಣುಗಳು ಬಿಡುವ ಎಥಿಲೀನ್ ಅನಿಲದಿಂದ ಎರಡೂ ಬೇಗ ಕೆಡುತ್ತವೆ.

ಸಾಮಾನು

ಎಂಟು ಇಂಚಿನ ತಟ್ಟೆಗೆ, ಆರು ಜನರಿಗೆ ಆಗುವ ಲೆಕ್ಕ ಇದು.

ಕೆಳಗಿನ ಪದರಕ್ಕೆ: ಸೇಬು ಒಂದು ಕಿಲೋ, ಅಂದರೆ ಸಾಧಾರಣ ಗಾತ್ರದ್ದು ಆರು. ಸಕ್ಕರೆ 60 ಗ್ರಾಂ, ಹಸಿರು ಸೇಬು ಹಾಕಿದರೆ 75. ಲಿಂಬೆರಸ ಎರಡು ದೊಡ್ಡ ಚಮಚ. ಮೈದಾ ಅಥವಾ ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ. ದಾಲ್ಚಿನ್ನಿ ಪುಡಿ ಒಂದು ಟೀ ಚಮಚ. ಜಾಯಿಕಾಯಿ ತುರಿದದ್ದು ಒಂದು ಚಿಟಿಕೆ. ಒಂದು ಚಿಟಿಕೆ ಉಪ್ಪು.

ಮೇಲಿನ ಪದರಕ್ಕೆ: ಮೈದಾ 150 ಗ್ರಾಂ. ತಣ್ಣಗಿನ ಬೆಣ್ಣೆ 100 ಗ್ರಾಂ. ಸಕ್ಕರೆ 75 ಗ್ರಾಂ. ತೆಳು ಅವಲಕ್ಕಿ 40 ಗ್ರಾಂ. ಗೇರುಬೀಜ ಒಡೆದದ್ದು 40 ಗ್ರಾಂ. ಬೆಣ್ಣೆಯಲ್ಲಿ ಉಪ್ಪು ಇಲ್ಲದಿದ್ದರೆ ಕಾಲು ಟೀ ಚಮಚ ಉಪ್ಪು.

ಅವಲಕ್ಕಿ ನೋಡಿ ನಗಬೇಡಿ. ಇಂಗ್ಲೆಂಡಿನವರು ಓಟ್ಸ್ ಹಾಕುತ್ತಾರೆ. ಓಟ್ಸ್ ಮನೆಯಲ್ಲಿದ್ದರೆ ನೀವೂ ಹಾಕಿ. ನಮ್ಮ ಮನೆಯಲ್ಲಿ ಡಬ್ಬಿ ತುಂಬ ಇರುವುದು ಅವಲಕ್ಕಿ. ಅದನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಮುರಿದರೆ ಟಕ್ ಅನ್ನಬೇಕು, ಆಮೇಲೆ ಕೈಯಲ್ಲಿ ಒರಟಾಗಿ ಪುಡಿ ಮಾಡಿ. ಗರಿಗರಿ ಓಟ್ಸಿಗಿಂತ ಒಂದು ಕೈ ಮೇಲೆಯೇ. ದಪ್ಪ ಅವಲಕ್ಕಿ ಬೇಡ, ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಹಸಿ ತೆಂಗಿನತುರಿ ಹಾಕುವ ಆಸೆ ನಮಗೆಲ್ಲ ಬರುತ್ತದೆ. ನಾನೂ ಹಾಕಿ ನೋಡಿದ್ದೇನೆ. ಅದರ ನೀರಿನಿಂದ ಪುಡಿ ಮೆತ್ತಗಾಯಿತು. ಹಾಕಲೇಬೇಕಾದರೆ ಹೊಂಬಣ್ಣ ಬರುವವರೆಗೆ ಹುರಿದು ಹಾಕಿ.

ದಾಲ್ಚಿನ್ನಿಯಲ್ಲಿ ಎರಡು ಬಗೆ. ಅಂಗಡಿಯ ದಪ್ಪ ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ, ಅದಕ್ಕೆ ಖಾರ ಜಾಸ್ತಿ. ನಿಜವಾದ ದಾಲ್ಚಿನ್ನಿ ಕಾಗದದಷ್ಟು ತೆಳ್ಳಗೆ, ಸುರುಳಿಯೊಳಗೆ ಸುರುಳಿ, ಕೈಯಲ್ಲೇ ಪುಡಿಯಾಗುತ್ತದೆ. ಹಿತ್ತಿಲಲ್ಲಿ ಮರ ಇದ್ದವರು ಅದನ್ನೇ ಬಳಸಿ. ಜಾಯಿಕಾಯಿ ಹೇಗೂ ನಮ್ಮ ಅಡಿಕೆ ತೋಟಗಳ ನಡುವೆ ಬಿದ್ದು ಸಿಗುತ್ತದೆ. ಅದನ್ನು ಮಾತ್ರ ಚಿಟಿಕೆಯಲ್ಲೇ ನಿಲ್ಲಿಸಿ, ಜಾಸ್ತಿಯಾದರೆ ಕಹಿ.

ಬೆಣ್ಣೆ: ಇಲ್ಲಿ ಮಾತ್ರ ಅವಸರ ಬೇಡ

ಮೇಲಿನ ಪದರದ ಗುಟ್ಟೆಲ್ಲ ಬೆಣ್ಣೆಯ ತಂಪಿನಲ್ಲಿದೆ. ಗಟ್ಟಿ ಬೆಣ್ಣೆಯ ಸಣ್ಣ ಸಣ್ಣ ತುಂಡಿಗೆ ಹಿಟ್ಟು ಅಂಟಿಕೊಂಡಿರಬೇಕು. ಓವನಿನಲ್ಲಿ ಆ ತುಂಡು ಕರಗಿ, ಅದರೊಳಗಿನ ನೀರು ಆವಿಯಾಗಿ ಹೋಗುತ್ತದೆ. ಸುತ್ತಲಿನ ಹಿಟ್ಟು ಅದೇ ಜಿಡ್ಡಿನಲ್ಲಿ ಹುರಿದ ಹಾಗಾಗಿ ಉದುರುಉದುರಾಗಿ ನಿಲ್ಲುತ್ತದೆ. ಮೊದಲೇ ಕರಗಿದ ಬೆಣ್ಣೆ ಹಾಕಿದರೆ ಹಿಟ್ಟೆಲ್ಲ ಒಂದೇ ಮುದ್ದೆ. ನನ್ನ ಮೊದಲ ಸಲದ ಹಲಗೆ ಹಾಗೆಯೇ ಆದದ್ದು.

ಅಕ್ಟೋಬರಿನಲ್ಲೂ ನಮ್ಮ ಅಡುಗೆಮನೆಯಲ್ಲಿ 30 ಡಿಗ್ರಿ ಸೆಕೆ. ಬೆಣ್ಣೆ ಮೆತ್ತಗಾಗಲು ಐದು ನಿಮಿಷ ಸಾಕು. ಹಾಗಾಗಿ ನಾನು ಹೀಗೆ ಮಾಡುತ್ತೇನೆ. 100 ಗ್ರಾಂ ಬೆಣ್ಣೆಯನ್ನು ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕುತ್ತೇನೆ. ಮೈದಾ ಅಳೆದ ಪಾತ್ರೆಯನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿ ಇಡುತ್ತೇನೆ. ಆಮೇಲೆ ಕ್ಯಾರೆಟ್ ತುರಿಯುವ ಮಣೆಯ ದೊಡ್ಡ ತೂತಿನಲ್ಲಿ ಬೆಣ್ಣೆಯನ್ನು ನೇರವಾಗಿ ಹಿಟ್ಟಿನ ಮೇಲೆಯೇ ತುರಿಯುವುದು. ಬೆಣ್ಣೆಯ ತುದಿಯನ್ನು ಅದರ ಕಾಗದದಲ್ಲೇ ಹಿಡಿದರೆ ಕೈಯ ಬಿಸಿ ತಾಗುವುದಿಲ್ಲ. ನಾಲ್ಕು ಸಲ ತುರಿದ ಮೇಲೆ ಒಮ್ಮೆ ಫೋರ್ಕಿನಿಂದ ಕಲಸಿ, ಇಲ್ಲವಾದರೆ ತುರಿಗಳು ಒಂದಕ್ಕೊಂದು ಅಂಟುತ್ತವೆ.

ತುರಿದು ಮುಗಿಯಿತಾ, ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ತಾಗಿಸಬೇಡಿ, ಅಂಗೈ ಜಾಸ್ತಿ ಬಿಸಿ. ಭಸ್ಮ ಹಚ್ಚುವಾಗ ಹೆಬ್ಬೆರಳು, ತೋರುಬೆರಳ ನಡುವೆ ಚೂರು ಪುಡಿ ಹಿಡಿದು ತಿಕ್ಕುತ್ತೇವಲ್ಲ, ಅದೇ ಚಲನೆ. ಎರಡು ನಿಮಿಷದಲ್ಲಿ ಹಿಟ್ಟು ಒದ್ದೆ ಮರಳಿನ ಹಾಗೆ ಕಾಣುತ್ತದೆ. ನಡುನಡುವೆ ಕಡಲೆಬೇಳೆ ಗಾತ್ರದ ಗಂಟು ಇರಲಿ. ಪೂರ್ತಿ ನುಣ್ಣಗೆ ಮಾಡಬೇಡಿ. ಈಗ ಸಕ್ಕರೆ, ಉಪ್ಪು, ಅವಲಕ್ಕಿ, ಗೇರುಬೀಜ ಸೇರಿಸಿ ಒಮ್ಮೆ ಹಗುರಾಗಿ ತಿರುವಿ, ಮತ್ತೆ ಫ್ರಿಜ್ಜಿಗೆ ಇಡಿ. ನಡುವೆ ಫೋನ್ ಬಂದು ಬೆಣ್ಣೆ ಕರಗಿ ಮುದ್ದೆಯಾಯಿತು ಎಂದಾದರೆ ಗಾಬರಿ ಬೇಡ. ಮುದ್ದೆಯನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಅದನ್ನೇ ತುರಿಯುವ ಮಣೆಯಲ್ಲಿ ತುರಿದುಬಿಡಿ.

ಮನೆಬೆಣ್ಣೆ ಹಾಕಬಹುದಾ? ಧಾರಾಳವಾಗಿ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ದನ ಇರುವ ಮನೆಯ ಬೆಣ್ಣೆ ಸಿಕ್ಕರೆ ಪ್ಯಾಕೆಟ್ ಬೆಣ್ಣೆ ಯಾಕೆ? ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಚೆನ್ನಾಗಿ ಹಿಂಡಿ, ಉದ್ದದ ತುಂಡು ಮಾಡಿ ಫ್ರೀಜರಿಗೆ ಹಾಕಿ. ತುಪ್ಪದಲ್ಲೂ ಆಗುತ್ತದೆ, ರುಚಿ ಸ್ವಲ್ಪ ನಾನ್‌ಖಟಾಯಿ ಕಡೆಗೆ ಹೋಗುತ್ತದೆ. ತುಪ್ಪದಲ್ಲಿ ನೀರಿನಂಶ ಇಲ್ಲವಾದ್ದರಿಂದ 80 ಗ್ರಾಂ ಸಾಕು.

ಸೇಬಿನ ನೀರು ತೆಗೆಯುವುದು

ಸೇಬು ತೊಳೆದು ಸಿಪ್ಪೆ ತೆಗೆಯಿರಿ. ಮೇಣ ಹಚ್ಚಿದ್ದಾರೋ ಇಲ್ಲವೋ ಎಂಬ ಚರ್ಚೆಯೇ ಬೇಡ, ಸಿಪ್ಪೆ ಬೆಂದರೂ ಕಾಗದದ ಹಾಗೆ ಬಾಯಿಗೆ ಸಿಗುತ್ತದೆ. ನಾಲ್ಕು ಭಾಗ ಮಾಡಿ, ಬೀಜದ ಗೂಡು ಕೊಯ್ದು ತೆಗೆದು, ಒಂದೊಂದು ಭಾಗವನ್ನು ಮೂರು ನಾಲ್ಕು ಹೋಳು ಮಾಡಿ. ಕೆಂಪು ಸೇಬಿನ ಹೋಳು ಮುಕ್ಕಾಲು ಇಂಚು ದಪ್ಪ ಇರಲಿ. ಹಸಿರಿನದ್ದು ಅರ್ಧ ಇಂಚು ಸಾಕು.

ಹೋಳಿಗೆ ಲಿಂಬೆರಸ, ಸಕ್ಕರೆ, ಉಪ್ಪು ಹಾಕಿ ಕಲಸಿ ಅರ್ಧ ಗಂಟೆ ಬಿಡಿ. ಮಾವಿನ ಉಪ್ಪಿನಕಾಯಿಗೆ ಹೋಳು ಉಪ್ಪಿನಲ್ಲಿ ಹಾಕಿಟ್ಟಾಗ ನೀರು ಬಿಡುತ್ತದಲ್ಲ, ಇಲ್ಲಿ ಸಕ್ಕರೆ ಅದೇ ಕೆಲಸ ಮಾಡುತ್ತದೆ. ಪಾತ್ರೆಯ ತಳದಲ್ಲಿ ಅರ್ಧ ಕಪ್ಪಿನ ಹತ್ತಿರ ರಸ ನಿಲ್ಲುತ್ತದೆ. ಇದು ತಟ್ಟೆಗೆ ಹೋದರೆ ಅತ್ತಿಗೆ ಹೇಳಿದ ಸಾರು. ಚೆಲ್ಲಿದರೆ ರುಚಿಯೇ ಹೋಯಿತು. ಹಾಗಾಗಿ ರಸವನ್ನು ಸಣ್ಣ ಬಾಣಲೆಗೆ ಬಸಿದು ಕುದಿಸಿ. ನಾಲ್ಕೈದು ನಿಮಿಷದಲ್ಲಿ ಅದು ಮೂರು ಚಮಚಕ್ಕೆ ಇಳಿದು, ಸೌಟಿನಿಂದ ಜೇನಿನ ಹಾಗೆ ಇಳಿಯುತ್ತದೆ. ಅದನ್ನು ಹೋಳಿಗೆ ಮತ್ತೆ ಸುರಿದು, ದಾಲ್ಚಿನ್ನಿ, ಜಾಯಿಕಾಯಿ, ಒಂದು ಚಮಚ ಮೈದಾ ಹಾಕಿ ಕಲಸಿ.

ಲಿಂಬೆ ಇಲ್ಲದ ದಿನ ನಾನು ಒಣಗಿದ ಪುನರ್ಪುಳಿ ಸಿಪ್ಪೆ ನಾಲ್ಕನ್ನು ಆ ರಸದ ಜತೆ ಕುದಿಸಿ ಸೋಸಿದ್ದುಂಟು. ಬಣ್ಣ ಕೆಂಪಾಗಿ ಬಂತು, ಹುಳಿಯೂ ಸರಿಯಾಯಿತು. ಬಂದ ನೆಂಟರು ಎಂತ ಹಣ್ಣು ಎಂದು ಎರಡೆರಡು ಸಲ ಕೇಳಿದರು.

ಬೇಯಿಸುವುದು

ಬೆಳಗ್ಗೆಯೇ ಮಾಡಿ. ಇದು ಅಡುಗೆಯ ಸಲಹೆ ಅಲ್ಲ, ಹವಾಮಾನದ್ದು. ತುಲಾ ತಿಂಗಳ ಮಳೆ ನಮ್ಮಲ್ಲಿ ಮಧ್ಯಾಹ್ನ ಊಟದ ಮೇಲೆಯೇ ಹೆಚ್ಚು. ಬಾನು ಕಪ್ಪಾಗಿ ಗುಡುಗು ಶುರುವಾದರೆ ಕರೆಂಟು ಹೋಗುವುದೇ. ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್, ಸುಮಾರು 1,500 ವ್ಯಾಟ್ ಎಳೆಯುತ್ತದೆ, ಮನೆಯ ಇನ್ವರ್ಟರ್ ಅದಕ್ಕೆ ಸಾಲದು, ಆ ಪ್ರಯತ್ನವೂ ಬೇಡ.

ಓಟಿಜಿಯ ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ 180 ಡಿಗ್ರಿಯಲ್ಲಿ 15 ನಿಮಿಷ ಬಿಸಿಯಾಗಲು ಬಿಡಿ. ತಟ್ಟೆಗೆ ಚೂರು ಬೆಣ್ಣೆ ಸವರಿ, ಸೇಬು ಹರಡಿ, ಮೇಲೆ ಫ್ರಿಜ್ಜಿನ ಪುಡಿಯನ್ನು ಉದುರಿಸಿ. ಒತ್ತಬೇಡಿ! ಆವಿ ಹೊರಗೆ ಹೋಗಲು ದಾರಿ ಬೇಕು. ನಡುವಿನ ಅಂತಸ್ತಿನಲ್ಲಿ ಇಟ್ಟು 40ರಿಂದ 45 ನಿಮಿಷ ಬೇಯಿಸಿ. ಮೈಕ್ರೋವೇವ್ ಇದ್ದವರು ಕನ್ವೆಕ್ಷನ್ ಮೋಡಿನಲ್ಲೇ ಮಾಡಬೇಕು, ಬರೀ ಮೈಕ್ರೋವೇವಿನಲ್ಲಿ ಮೇಲಿನ ಪುಡಿ ಕೆಂಪಾಗುವುದಿಲ್ಲ.

ಆಯಿತೋ ಇಲ್ಲವೋ ನೋಡುವುದಕ್ಕೆ ಗಡಿಯಾರಕ್ಕಿಂತ ತಟ್ಟೆಯ ಅಂಚು ಒಳ್ಳೆಯದು. ಬದಿಗಳಲ್ಲಿ ಸೇಬಿನ ರಸ ದಪ್ಪಗೆ, ನಿಧಾನಕ್ಕೆ ಗುಳ್ಳೆ ಎಬ್ಬಿಸುತ್ತಿರಬೇಕು. ನೀರಿನ ಹಾಗೆ ಚಟಪಟ ಕುದಿಯುತ್ತಿದ್ದರೆ ಇನ್ನೂ ಹತ್ತು ನಿಮಿಷ ಬೇಕು. ಮೇಲಿನ ಬಣ್ಣ ಹುರಿದ ಗೋಡಂಬಿಯದ್ದಾಗಿರಬೇಕು. ಸಣ್ಣ ಓಟಿಜಿಗಳಲ್ಲಿ ಒಂದು ಬದಿ ಬೇಗ ಕೆಂಪಾಗುತ್ತದೆ. ಅರ್ಧ ಗಂಟೆಯಾದ ಮೇಲೆ ತಟ್ಟೆಯನ್ನು ಒಮ್ಮೆ ತಿರುಗಿಸಿ, ಮೇಲೆ ಕಪ್ಪಾಗುವ ಲಕ್ಷಣ ಕಂಡರೆ ಫಾಯಿಲ್ ಮುಚ್ಚಿ.

ಒಮ್ಮೆ ನನ್ನದು 22 ನಿಮಿಷ ಆಗುವಾಗ ಕರೆಂಟು ಹೋಯಿತು. ಬಾಗಿಲು ತೆರೆಯದೆ ಹದಿನೈದು ನಿಮಿಷ ಹಾಗೆಯೇ ಬಿಟ್ಟೆ. ಒಳಗಿನ ಬಿಸಿಯಲ್ಲಿ ಸೇಬು ಬಹುಪಾಲು ಬೆಂದಿತ್ತು. ಮೇಲಿನ ಪುಡಿ ಮಾತ್ರ ಬೆಳ್ಳಗೆ. ಅದನ್ನು ಚಮಚದಲ್ಲಿ ಕೆರೆದು ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದೆ. ಸೇಬನ್ನು ಇನ್ನೊಂದು ಒಲೆಯಲ್ಲಿ ಐದು ನಿಮಿಷ ಬತ್ತಿಸಿ ಮೇಲೆ ಉದುರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಂದ ಓವನ್ ಇಲ್ಲದವರಿಗೂ ಇದನ್ನೇ ಹೇಳುತ್ತಿದ್ದೇನೆ.

ಓವನ್ ಇಲ್ಲದವರಿಗೆ

ಪಾತ್ರೆಯಲ್ಲಿ ಉಪ್ಪು ಹಾಸಿ, ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಕೇಕ್ ಮಾಡುವವರಿದ್ದಾರೆ. ಕೇಕಿಗೆ ಅದು ಸರಿ. ಕ್ರಂಬಲಿಗೆ ಬೇಡ. ಸೇಬಿನ ಆವಿ ಮುಚ್ಚಳದಲ್ಲಿ ನೀರಾಗಿ ಪುಡಿಯ ಮೇಲೆಯೇ ತೊಟ್ಟಿಕ್ಕುತ್ತದೆ. ಮೇಲಿನಿಂದಲೂ ಬಿಸಿ ಬೇಕು ಅಂದರೆ ಹಳಬರ ಹಾಗೆ ಮುಚ್ಚಳದ ಮೇಲೆ ಗೆರಟೆ ಕೆಂಡ ಹಾಕಬೇಕಾಗುತ್ತದೆ. ಮಲಬಾರಿನ ಮುಸ್ಲಿಂ ಮನೆಗಳಲ್ಲಿ ಬಾಳೆಹಣ್ಣು, ಮೊಟ್ಟೆಯ ಕಾಯಿಪೋಳ ಎಂಬ ತಿಂಡಿ ಮಾಡುತ್ತಿದ್ದದ್ದು ಹಾಗೆಯೇ. ಗ್ಯಾಸ್ ಒಲೆಯ ಅಡುಗೆಮನೆಯಲ್ಲಿ ಅಷ್ಟು ಸಾಹಸ ಯಾರು ಮಾಡುತ್ತಾರೆ?

ಎರಡು ಬಾಣಲೆ ಇಟ್ಟುಕೊಳ್ಳಿ. ಒಂದರಲ್ಲಿ ಚಮಚ ಬೆಣ್ಣೆ ಹಾಕಿ ಸೇಬನ್ನು ಮುಚ್ಚದೆ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಇನ್ನೊಂದರಲ್ಲಿ ಮೈದಾ, ಬೆಣ್ಣೆ, ಅವಲಕ್ಕಿ, ಗೇರುಬೀಜದ ಪುಡಿಯನ್ನು ರವೆಲಾಡಿಗೆ ರವೆ ಹುರಿದ ಹಾಗೆ ಹುರಿಯಿರಿ. ಸಕ್ಕರೆ ಈಗಲೇ ಹಾಕಿದರೆ ತಳ ಹಿಡಿಯುತ್ತದೆ. ಪುಡಿ ಹೊಂಬಣ್ಣ ಬಂದು ಪರಿಮಳ ಎದ್ದ ಮೇಲೆ ಒಲೆ ಆರಿಸಿ ಸಕ್ಕರೆ ಬೆರೆಸಿ. ತಣಿಯುವಾಗ ಗರಿಯಾಗುತ್ತದೆ. ಬಡಿಸುವ ಹೊತ್ತಿಗೆ ಎರಡನ್ನು ಸೇರಿಸಿದರೆ ಸಾಕು.

ಬಡಿಸುವುದು, ಇಡುವುದು

ಓವನಿನಿಂದ ತೆಗೆದ ಕೂಡಲೇ ಕೈ ಹಾಕಬೇಡಿ. ಸೇಬಿನ ರಸ ಬಾಯಿ ಸುಡುತ್ತದೆ, ಜತೆಗೆ ಅದು ಗಟ್ಟಿಯಾಗಲೂ ಇಪ್ಪತ್ತು ನಿಮಿಷ ಬೇಕು.

ಇಂಗ್ಲೆಂಡಿನವರು ಕಸ್ಟರ್ಡ್ ಸುರಿದು ತಿನ್ನುತ್ತಾರೆ. ಮಕ್ಕಳಿಗೆ ಐಸ್‌ಕ್ರೀಮ್ ಬೇಕು. ನಮ್ಮ ಮನೆಯ ದೊಡ್ಡವರು ತಿನ್ನುವುದು ಕಾಯಿಹಾಲಿನಲ್ಲಿ. ಒಂದು ತೆಂಗಿನಕಾಯಿ ತುರಿದು, ಚೂರೇ ಬಿಸಿನೀರು ಹಾಕಿ ರುಬ್ಬಿ, ಮೊದಲ ಗಟ್ಟಿ ಹಾಲು ಮಾತ್ರ ಹಿಂಡಿ. ಒಂದು ಚಮಚ ಬೆಲ್ಲ, ಒಂದು ಏಲಕ್ಕಿ, ಉಪ್ಪಿನ ಹರಳು ಒಂದು. ಕುದಿಸಬೇಡಿ, ಒಡೆಯುತ್ತದೆ, ಸುಮ್ನೆ ಉಗುರುಬೆಚ್ಚಗೆ ಮಾಡಿದರೆ ಸಾಕು. ಇದನ್ನು ಬಟ್ಟಲಿನ ಬದಿಯಿಂದ ಸುರಿಯಿರಿ, ಪುಡಿಯ ನೆತ್ತಿಯ ಮೇಲೆ ಅಲ್ಲ. ಕೆಳಗೆ ಹುಳಿಸಿಹಿ ಸೇಬು ಹಾಲಿನಲ್ಲಿ ಸೇರಿಕೊಳ್ಳುತ್ತದೆ, ಮೇಲಿನದ್ದು ಗರಿಯಾಗಿಯೇ ಉಳಿಯುತ್ತದೆ. 1916ರ ಸೇಬು, 1916ರ ತೆಂಗು ಒಂದೇ ಬಟ್ಟಲಿನಲ್ಲಿ ಎಂದೆನಲ್ಲ, ಇದೇ ಅದು.

ಉಳಿದರೆ ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಮತ್ತೆ ಬಿಸಿ ಮಾಡುವುದು ಓಟಿಜಿಯಲ್ಲಿ ಹತ್ತು ನಿಮಿಷ, ಇಲ್ಲವೇ ದೋಸೆಕಾವಲಿಯ ಮೇಲೆ ತಟ್ಟೆ ಇಟ್ಟು. ಸ್ಟೀಲ್ ತಟ್ಟೆಯಾದರೆ ಮಾತ್ರ, ಗಾಜಿನದ್ದು ಒಡೆಯುತ್ತದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಮೇಲಿನದ್ದೆಲ್ಲ ಒದ್ದೆ ರಸ್ಕ್. ಹಸಿ ಪುಡಿಯನ್ನು ದುಪ್ಪಟ್ಟು ಮಾಡಿ ಅರ್ಧವನ್ನು ಜಿಪ್ ಕವರಿನಲ್ಲಿ ಫ್ರೀಜರಿಗೆ ಹಾಕಿಡಿ, ಒಂದು ತಿಂಗಳು ಏನೂ ಆಗುವುದಿಲ್ಲ. ದೀಪಾವಳಿಗೆ ಮತ್ತೆ ಸೇಬು ಬರುತ್ತದೆ. ಬರದಿದ್ದರೆ ಅದೇ ಪುಡಿಯನ್ನು ಹಣ್ಣಾದ ನೇಂದ್ರಬಾಳೆಯ ಮೇಲೆ ಹಾಕಿ. ಅದಕ್ಕೆ ನೀರು ಬಸಿಯುವ ಕೆಲಸವಿಲ್ಲ, ಸಕ್ಕರೆ ಅರ್ಧ ಸಾಕು, ಲಿಂಬೆ ಮಾತ್ರ ಮರೆಯಬೇಡಿ.